ಡೆನ್ಮಾರ್ಕಿಗೆ ಹೋಗಿ ಬಂದ ಲೆಕ್ಕದ ಮೇಷ್ಟರು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಲೆಕ್ಕದ ಮೇಷ್ಟರು ವೃಷಭೇಂದ್ರಪ್ಪನವರ ಮನೆ ಯಾವುದೆಂದು ಕೇಳಿದರೆ ಹುಡುಗರು ಬೀದಿಯ ತುದಿಯಿಂದಲೇ ಕೈ ತೋರಿಸುತ್ತಿದ್ದರು. ಬಾಗಿಲ ತನಕ ಕರೆದುಕೊಂಡು ಹೋಗುವ ಧೈರ್ಯ ಒಬ್ಬನಿಗೂ ಇರಲಿಲ್ಲ. ಅಕ್ಕಿ ಗಿರಣಿಯ ಶಿವಮಲ್ಲಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ನಡೆಸುತ್ತಿದ್ದ ಹೈಸ್ಕೂಲಿಗೆ ಮೇಷ್ಟರು ಸೇರಿದ್ದು ಸ್ವಾತಂತ್ರ್ಯ ಬಂದ ವರ್ಷ. ದೇಶಕ್ಕೆ ಬಿಡುಗಡೆ ಸಿಕ್ಕಿತು, ನಮಗೆ ಮಾತ್ರ ಇವರು ಸಿಕ್ಕರು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಅವರ ಪ್ರಸಿದ್ಧಿಯೆಲ್ಲ ಸೊನ್ನೆಯದು. ಕೆಂಪು ಶಾಯಿಯಲ್ಲಿ, ಕೈವಾರದಲ್ಲಿ ಎಳೆದಷ್ಟು ದುಂಡಗೆ ಹಾಕುತ್ತಿದ್ದರು. ಉತ್ತರ ತೀರಾ ಕೆಟ್ಟದಾಗಿದ್ದರೆ ಎರಡು ಸೊನ್ನೆ. ಎರಡು ಸೊನ್ನೆಗೂ ಒಂದು ಸೊನ್ನೆಗೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಸಿಟ್ಟಿಗೆ ಒಂದು ಸಾಲುತ್ತಿರಲಿಲ್ಲ, ಅಷ್ಟೆ. ಹಣೆಯ ಮೇಲೆ ವಿಭೂತಿ, ಕಚ್ಚೆಪಂಚೆ, ಕತ್ತಿನ ತನಕ ಗುಂಡಿ ಹಾಕಿದ ಕೋಟು, ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು. ಆ ಕಟ್ಟು ಮನೆಗೆ ಬಂದ ಮೇಲೆ ಅವರು ನಡುಮನೆಯಲ್ಲಿ ಕೂತು ತಿದ್ದುತ್ತಿದ್ದರು. ಹೆಂಡತಿ ದಾಕ್ಷಾಯಣಮ್ಮ ಒಲೆಯ ಮುಂದೆ ಕೂತು ಅಂಕಗಳನ್ನು ಕೂಡಿಸಿ ಮೊದಲ ಪುಟದ ಮೇಲೆ ಬರೆಯುತ್ತಿದ್ದರು. ಇದ್ದ ಒಬ್ಬ ಮಗಳನ್ನು ತುಮಕೂರಿಗೆ ಕೊಟ್ಟಾದ ಮೇಲೆ ಆ ಮನೆಯ ಸಂಸಾರ ಸುಖವೆಂದರೆ ಬಹುಮಟ್ಟಿಗೆ ಇದೇ.

ಐವತ್ತೆಂಟನೇ ಇಸವಿಯಲ್ಲಿ ಶಾಲೆಗೆ ಒಂದು ಆಹ್ವಾನ ಬಂತು. ಬೇರೆ ಬೇರೆ ದೇಶದ ಉಪಾಧ್ಯಾಯರನ್ನು ಆರು ತಿಂಗಳು ಡೆನ್ಮಾರ್ಕಿಗೆ ಕರೆಸಿಕೊಂಡು ಅಲ್ಲಿನ ಹಳ್ಳಿ ಶಾಲೆಗಳನ್ನು ತೋರಿಸುವ ಏರ್ಪಾಡು, ಖರ್ಚೆಲ್ಲ ಕರೆದವರದೇ. ಹೆಡ್ಮಾಸ್ಟರು ಶಾಮಣ್ಣನವರು ಇಂಗ್ಲಿಷ್ ಪಾಠ ಹೇಳುವವರು, ತಾವೇ ಹೋಗುವುದೆಂದುಕೊಂಡು ಸೂಟಿಗೆ ಅಳತೆಯನ್ನೂ ಕೊಟ್ಟುಬಿಟ್ಟಿದ್ದರು. ಶಿವಮಲ್ಲಪ್ಪನವರು ಮಾತ್ರ ವೃಷಭೇಂದ್ರಪ್ಪನವರೇ ಹೋಗಲಿ ಎಂದು ಪಟ್ಟು ಹಿಡಿದರು. ಅವರ ತಂಗಿಯ ಮಗ ಆಗತಾನೇ ಜೋಡಿ ಸೊನ್ನೆ ತಗೊಂಡಿದ್ದ.

“ವಿದ್ವತ್ತಿಗೆ ಮರ್ಯಾದೆ ಕೊಟ್ಟ ಹಾಗಾಯ್ತು,” ಎಂದು ಶಿವಮಲ್ಲಪ್ಪನವರು ಶಾಲೆಯ ಕಮಿಟಿ ಸಭೆಯಲ್ಲಿ ಹೇಳಿದರು. ಆಮೇಲೆ ಶಾಮಣ್ಣನವರನ್ನು ಪಕ್ಕಕ್ಕೆ ಕರೆದು, “ಆರು ತಿಂಗಳು ಮಕ್ಕಳು ಉಸಿರಾಡ್ಲಿ ಬುಡಿ ಸ್ವಾಮಿ,” ಅಂದರು.

ದಾಕ್ಷಾಯಣಮ್ಮ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲ ಕಟ್ಟಿದರು. ಬಟ್ಟೆಗೆ ಪೆಟ್ಟಿಗೆಯಲ್ಲಿ ಜಾಗ ಉಳಿಯಲಿಲ್ಲ. “ಬಟ್ಟೆ ಅಲ್ಲೂ ಸಿಕ್ತದೆ,” ಅಂದರು ಅವರು. ಮೇಷ್ಟರು ಬೊಂಬಾಯಿಯಲ್ಲಿ ಹಡಗು ಹತ್ತಿದರು.

ಅವರನ್ನು ಕಳಿಸಿದ್ದು ಹುಲ್ಲು ಹೊದಿಸಿದ ಮನೆಗಳ ಒಂದು ಹಳ್ಳಿಯ ಶಾಲೆಗೆ. ಊರಿನ ತಂದೆತಾಯಿಗಳೇ ಸೇರಿಕೊಂಡು ನಡೆಸುವ ಶಾಲೆ. ಬೆಳಗ್ಗೆ ಎಲ್ಲರೂ ನಿಂತು ಹಾಡುತ್ತಿದ್ದರು, ಆಮೇಲೆ ಉಪಾಧ್ಯಾಯ ಒಂದು ಕಥೆ ಹೇಳುತ್ತಿದ್ದ, ಪಾಠ ಅದಾದ ಮೇಲೆ. ಮಕ್ಕಳು ಉಪಾಧ್ಯಾಯನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ವೃಷಭೇಂದ್ರಪ್ಪ ಎಂಬುದು ಅವರ ನಾಲಿಗೆಯಲ್ಲಿ ಹೊರಳದೆ “ವ್ರಿಷ್” ಆಯಿತು. ಹಣೆಯ ವಿಭೂತಿಯನ್ನು ನೋಡಿ ಒಬ್ಬ ಹುಡುಗ ಸುಣ್ಣ ಮೆತ್ತಿಕೊಂಡಿದೆ ಎಂದು ತನ್ನ ಕರ್ಚೀಫನ್ನು ಕೊಟ್ಟ. ಮೈಸೂರಿನಲ್ಲಾಗಿದ್ದರೆ ಅವನ ಕಿವಿ ಅವನ ಹತ್ತಿರ ಉಳಿಯುತ್ತಿರಲಿಲ್ಲ.

ಕೆಲವು ವಾರ ಕಳೆದರೂ ಯಾರೂ ಪರೀಕ್ಷೆಯ ಮಾತೆತ್ತದಿದ್ದಾಗ ಮೇಷ್ಟರು ಆ ಶಾಲೆಯ ಉಪಾಧ್ಯಾಯನನ್ನು ತಾವೇ ಕೇಳಿದರು. ಪರೀಕ್ಷೆ ಇಲ್ಲ, ಅಂದ. ವರ್ಷದ ಕೊನೆಗೆ? ಆಗಲೂ ಇಲ್ಲ. ಪಟ್ಟಣದ ಶಾಲೆಗಳಲ್ಲಿ ಇದೆಯಂತೆ, ಇಲ್ಲಿ ಬೇಡ ಎಂದು ಊರಿನವರೇ ಬಿಟ್ಟಿದ್ದಾರಂತೆ. ಹಾಗಾದರೆ ಯಾರು ಕಲಿತರು, ಯಾರು ಕಲಿಯಲಿಲ್ಲ ಎಂದು ಗೊತ್ತಾಗುವುದು ಹೇಗೆ? ಆತ ಇದೆಂಥ ಪ್ರಶ್ನೆ ಎಂಬಂತೆ ನೋಡಿ, “ದಿನಾ ಅವರ ಜೊತೆಯಲ್ಲೇ ಇರುತ್ತೇನಲ್ಲ,” ಅಂದ. ಮೇಷ್ಟರು ಇದನ್ನು ಸೋಮಾರಿತನದ ಲೆಕ್ಕಕ್ಕೆ ಬರೆದುಕೊಂಡರು.

ಭಾನುವಾರ ಸಂಜೆಗಳಲ್ಲಿ ಸುತ್ತಲ ಹಳ್ಳಿಗಳಿಗೆ ಬಂದಿದ್ದ ಹೊರದೇಶದ ಉಪಾಧ್ಯಾಯರೆಲ್ಲ ಒಂದು ಕಡೆ ಸೇರುತ್ತಿದ್ದರು. ಮೊದಮೊದಲು ಚಳಿಯ ಮಾತು, ಆಮೇಲೆ ಆಲೂಗೆಡ್ಡೆಯ ಮಾತು, ಅದೂ ಮುಗಿದ ಮೇಲೆ ಪರೀಕ್ಷೆಯ ಮಾತು. ಇಂಗ್ಲೆಂಡಿನವನು ಹೇಳಿದ: ನಮ್ಮಲ್ಲಿ ಹನ್ನೊಂದನೇ ವಯಸ್ಸಿಗೇ ಒಂದು ಪರೀಕ್ಷೆ, ಅದರಲ್ಲಿ ಮಗು ಕಾಲೇಜಿಗೋ ಕಾರ್ಖಾನೆಗೋ ಎಂದು ಗೊತ್ತಾಗಿಬಿಡುತ್ತದೆ. ಜಪಾನಿನವನು ಹೇಳಿದ: ನಮ್ಮಲ್ಲಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಪರೀಕ್ಷೆ, ಸಿಗದವರು ಇನ್ನೊಂದು ವರ್ಷ ಓದುತ್ತಾರೆ, ಒಡೆಯನಿಲ್ಲದ ಸಿಪಾಯಿ ಎಂದು ಅವರಿಗೆ ಹೆಸರು. ಘಾನಾ ದೇಶದವನು ಹೇಳಿದ: ನಮ್ಮ ಪ್ರಶ್ನೆಪತ್ರಿಕೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತದೆ, ಹಿಮ ಬೀಳುವ ದಿನವನ್ನು ವರ್ಣಿಸಿ ಎಂದು ಕೇಳುತ್ತಾರೆ, ನಾವು ಬೆವರು ಒರೆಸಿಕೊಂಡು ವರ್ಣಿಸುತ್ತೇವೆ. ಅಮೆರಿಕದವನು ಹೇಳಿದ: ನಮ್ಮಲ್ಲಿ ನಾಲ್ಕು ಉತ್ತರ ಅವರೇ ಕೊಡುತ್ತಾರೆ, ಒಂದಕ್ಕೆ ಗುರುತು ಹಾಕಿದರೆ ಸಾಕು, ತಿದ್ದುವುದು ಯಂತ್ರ. ಯಂತ್ರ ತಿದ್ದಿದರೆ ಬೈಯುವುದು ಯಾರು ಎಂದು ಮೇಷ್ಟರು ಕೇಳಿದರು.

ಕೊನೆಗೆ ಮೇಷ್ಟರ ಸರದಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಬರೀ ನಂಬರು ಬರುವುದು, ಒಂದು ಪತ್ರಿಕೆಯ ಮೇಲೆ ಇಡೀ ಬೀದಿ ಮುಗಿಬೀಳುವುದು, ನಂಬರು ಕಾಣದ ಹುಡುಗ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋದನೆಂದು ಅವನ ಹಿಂದೆ ಅರ್ಧ ಓಣಿ ಓಡುವುದು, ಅವನು ಅಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿರುವುದು, ಎಲ್ಲ ಹೇಳಿದರು. ತಮ್ಮ ಸೊನ್ನೆಗಳ ವಿಚಾರವನ್ನೂ ಹೇಳಿದರು. ಉಳಿದವರು ಸೋತೆವೆಂದು ಒಪ್ಪಿಕೊಂಡರು. ಮೇಷ್ಟರು ಅಂದು ಬಹಳ ಹೆಮ್ಮೆಯಿಂದ ಮಲಗಿದರು.

ಆ ಹೆಮ್ಮೆಯನ್ನು ಇಳಿಸಿದ್ದು ಬಿರ್ತೆ ಎಂಬ ಹನ್ನೆರಡು ವರ್ಷದ ಹುಡುಗಿ. ಅಲ್ಲಿಯ ಮಕ್ಕಳಿಗೆ ಯಾರು ಸಿಕ್ಕರೂ ನಿಮಗೆ ಯಾವ ವಿಷಯ ಇಷ್ಟ ಎಂದು ಕೇಳುವ ಚಾಳಿ. ಮೇಷ್ಟರು ತಮ್ಮ ಹರಕು ಡೇನಿಷ್ ಭಾಷೆಯಲ್ಲಿ ಗಣಿತ ಎಂದರು. ಯಾಕೆ ಇಷ್ಟ, ಎಂದಳು ಅವಳು. ಮೇಷ್ಟರು ಬಾಯಿ ತೆರೆದರು. ಹೇಳಲು ಏನೂ ಬರಲಿಲ್ಲ. ಭಾಷೆ ಬರುವುದಿಲ್ಲ ಎಂದು ತಪ್ಪಿಸಿಕೊಂಡು ಬಂದರು. ಕೋಣೆಗೆ ಬಂದು ಕನ್ನಡದಲ್ಲಿ ಯೋಚನೆ ಮಾಡಿದರೂ ಬರಲಿಲ್ಲ. ಚಿಕ್ಕಂದಿನಲ್ಲಿ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಬರುತ್ತದೆ ಎಂದು ಅಪ್ಪ ಅದನ್ನೇ ಓದಿಸಿದರು. ಓದಿದ್ದರಿಂದ ಕೆಲಸ ಸಿಕ್ಕಿತು. ಇಷ್ಟವೇ ಎಂದು ಈ ನಡುವೆ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ಆ ಶಾಲೆಯಲ್ಲಿ ಮರಗೆಲಸವೂ ಒಂದು ಪಾಠ. ಭಾಷೆ ಬೇಕಾಗದ ಪಾಠವೆಂದು ಮೇಷ್ಟರನ್ನು ಅಲ್ಲಿಗೆ ಬಿಟ್ಟರು. ಮಕ್ಕಳ ನಡುವೆ ನಿಂತು ಕೀಸುಳಿ ಹಿಡಿದು ಹಲಗೆ ಹೆರೆದರು. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಕೈಮೇಲೆ ಬಿತ್ತು, ಅದರ ವಾಸನೆ ಬಂತು, ಮಧ್ಯಾಹ್ನ ಕಳೆದದ್ದೇ ಗೊತ್ತಾಗಲಿಲ್ಲ. ತಿಂಗಳ ಕೊನೆಗೆ ಒಂದು ಸ್ಟೂಲು ಮಾಡಿದರು. ಅದು ಸೊಟ್ಟಗಿತ್ತು. ಎಷ್ಟು ಮಾರ್ಕು ಎಂದು ಕೇಳಿದರೆ ಮರಗೆಲಸದ ಉಪಾಧ್ಯಾಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿನ್ನದೇ, ಮನೆಗೆ ತಗೊಂಡು ಹೋಗು, ಎಂದ.

ಫೆಬ್ರವರಿಯಲ್ಲಿ ಮೈಸೂರಿಗೆ ಬಂದಿಳಿದಾಗ ಸ್ಟೇಷನ್ನಿನಲ್ಲಿ ಹಾರ ಹಾಕಿದರು. ಹಾರದ ಜೊತೆಗೆ ಮೇಷ್ಟರ ಕಂಕುಳಲ್ಲಿ ಸ್ಟೂಲನ್ನು ನೋಡಿದ ದಾಕ್ಷಾಯಣಮ್ಮ, “ಅಲ್ಲೀವರ್ಗೂ ಹೋಗಿ ಇದನ್ನ ತಂದ್ರಾ?” ಅಂದರು.

“ನಾನೇ ಮಾಡಿದ್ದು ಕಣೇ.”

“ಅದು ನೋಡಿದ್ರೇ ಗೊತ್ತಾಗ್ತದೆ ಬುಡಿ.”

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಮೇಷ್ಟರು ಐದನೇ ಫಾರಂ ಹುಡುಗರಿಗೆ, ಎಂದರೆ ಎಸ್ಸೆಸ್ಸೆಲ್ಸಿಗೆ ಹಿಂದಿನ ತರಗತಿಯವರಿಗೆ, ದಸರಾ ತನಕ ಟೆಸ್ಟುಗಳಿಲ್ಲ ಎಂದು ಸಾರಿದರು. ಹುಡುಗರು ಇದರಲ್ಲಿ ಏನೋ ಮೋಸವಿದೆಯೆಂದು ಒಂದು ವಾರ ಹೆದರಿ ಓದಿದರು. ಮೋಸವಿಲ್ಲವೆಂದು ಗೊತ್ತಾದ ಮೇಲೆ ಪುಸ್ತಕ ಮುಟ್ಟಲಿಲ್ಲ. ಮೇಷ್ಟರು ಶಾಲೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಶುರು ಮಾಡಿದರು; ಅಲ್ಲಿಗೆ ಮಾತ್ರ ಎಲ್ಲರೂ ಬಂದರು, ಬೇರೆ ಫಾರಂನವರೂ ಬಂದರು. ಫಾರಿನ್ ಹೋಗಿಬಂದವರ ಮಾತು ತೆಗೆದುಹಾಕುವುದು ಹೇಗೆಂದು ಶಾಮಣ್ಣನವರು ಸುಮ್ಮನಿದ್ದರು.

ಆಗಸ್ಟಿನಲ್ಲಿ ಶ್ರೀರಾಂಪುರದ ಚೆಲುವಯ್ಯ ಬಂದ. ಎಮ್ಮೆ ಕಟ್ಟಿ ಪೇಟೆಗೆ ಹಾಲು ಹಾಕುವವನು; ಮಗ ನಿಂಗ ಐದನೇ ಫಾರಂನಲ್ಲಿದ್ದ. ಬಂದವನು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತ.

“ಸ್ವಾಮಿ, ನನ್ ಮಗನ್ನ ಒಸಿ ಫೇಲ್ ಮಾಡ್ಬುಡಿ.”

“ಯಾಕಪ್ಪಾ?”

“ಪಾಸಾದ್ರೆ ಓದುಸ್ತೀನಿ. ಫೇಲಾದ್ರೆ ಎಮ್ಮೆ ಮೇಯ್ಸೋಕೆ ಕಳುಸ್ತೀನಿ. ಈಗ ಎರಡೂ ಇಲ್ದೆ ಮನೇಲಿ ಕಾಲ್ ಮೇಲೆ ಕಾಲ್ ಆಕ್ಕೊಂಡು ಕುಂತವ್ನೆ. ಎಂಗ್ ಬಯ್ಯೋದು ಅಂತ್ಲೂ ತಿಳೀತಿಲ್ಲ ನಂಗೆ.”

“ಪರೀಕ್ಷೆ ಇಲ್ಲದೇ ಕಲಿಯೋ ದೇಶಗಳಿವೆ, ಚೆಲುವಯ್ಯ. ನಾನು ಕಣ್ಣಾರೆ ನೋಡಿದೀನಿ.”

“ಅಲ್ಲಿ ಎಮ್ಮೆ ಅವ್ಯಾ ಸ್ವಾಮಿ?”

“ಹಸು ಇವೆ.”

“ಯಾರು ಮೇಯುಸ್ತಾರೆ?”

ಶಾಲೆಯಲ್ಲಿ ಕಲಿತ ಹುಡುಗರೇ ಮೇಯಿಸುತ್ತಾರೆ, ಕಥೆ ಪುಸ್ತಕವನ್ನೂ ಓದುತ್ತಾರೆ, ಎಂದು ಮೇಷ್ಟರು ನಿಜವನ್ನೇ ಹೇಳಿದರು. ಎಮ್ಮೆ ಮೇಯಿಸುವುದಕ್ಕೆ ಹೈಸ್ಕೂಲು ಯಾಕೆ ಎಂದು ಚೆಲುವಯ್ಯ ಮಗನನ್ನು ಅವತ್ತೇ ಬಿಡಿಸಿಕೊಂಡು ಹೋಗುವುದರಲ್ಲಿದ್ದ. ಮೇಷ್ಟರು ಬಹಳ ಕೇಳಿಕೊಂಡ ಮೇಲೆ ದಸರಾ ತನಕ ನೋಡುವುದಾಗಿ ಹೇಳಿ ಹೋದ. ನಿಂಗ ಮಾತ್ರ ಶೆಡ್ಡಿನಲ್ಲಿ ಸುಖವಾಗಿ ಹಲಗೆ ಕೊಯ್ಯುತ್ತಿದ್ದ.

ಆ ಹಲಗೆಗಳಿಂದಲೇ ಕೆಲಸ ಕೆಟ್ಟಿತು. ಮರ ಕೊಳ್ಳಲು ಶಾಲೆ ಕಾಸು ಕೊಡಲಿಲ್ಲ. ಉಗ್ರಾಣದಲ್ಲಿ ಮುರಿದು ಬಿದ್ದಿದ್ದ ಡೆಸ್ಕುಗಳನ್ನು ಮುಟ್ಟಬಹುದು, ಒಳ್ಳೆಯವನ್ನು ಮುಟ್ಟಬಾರದು ಎಂದು ಶಾಮಣ್ಣನವರ ಅಪ್ಪಣೆ. ಮುರಿದವು ಮುಗಿದ ಮೇಲೆ ಹುಡುಗರು ಒಳ್ಳೆಯವನ್ನು ಮುರಿದರು. ಮುರಿದ ಮೇಲೆ ಅಪ್ಪಣೆಗೆ ಭಂಗವಿರಲಿಲ್ಲ. ಸೆಪ್ಟೆಂಬರಿನಲ್ಲಿ, ಫೇಲಾದವರು ಮತ್ತೆ ಬರೆಯುವ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಆ ಶಾಲೆಯೇ ಕೇಂದ್ರ. ಹಿಂದಿನ ದಿನ, ಪರೀಕ್ಷೆಗೆಂದೇ ಮುಚ್ಚಿಟ್ಟಿದ್ದ ಕೊಠಡಿ ತೆಗೆದು ನೋಡಿದರೆ ಡೆಸ್ಕುಗಳಿಲ್ಲ. ಮೂರು ಕಾಲಿನವು, ನಾಲ್ಕು ಕಾಲಿನವು, ಒಂದು ಕಾಲು ಸ್ವಲ್ಪ ಮೋಟಾದವು, ಸ್ಟೂಲುಗಳು ಮಾತ್ರ ಸಾಲಾಗಿ ನಿಂತಿವೆ. ಮರುದಿನ ಪರೀಕ್ಷೆ ಬರೆಯಲು ಬಂದವರು ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಬರೆದರು. ನಂಜನಗೂಡಿನಿಂದ ಬಂದಿದ್ದ ಒಬ್ಬ ದಪ್ಪ ಆಸಾಮಿ ಸ್ಟೂಲಿನ ಸಮೇತ ಉರುಳಿ, ಪಕ್ಕದವನ ಶಾಯಿಯನ್ನೆಲ್ಲ ಮೈಮೇಲೆ ಹಾಕಿಕೊಂಡ. ನಾನು ಓದಿಕೊಂಡು ಬಂದಿದ್ದೆ, ಈ ಸಲ ಪಾಸಾಗುತ್ತಿದ್ದೆ ಎಂದು ಅವನು ಹೊರಗೆ ನಿಂತು ಊರಿಗೆಲ್ಲ ಹೇಳಿದ.

ಕಮಿಟಿ ಸೇರಿತು. ಶಿವಮಲ್ಲಪ್ಪನವರು ಡೆಸ್ಕುಗಳ ವಿಷಯವನ್ನು ದೊಡ್ಡದು ಮಾಡಲಿಲ್ಲ. ಅವರಿಗೆ ಬೇಕಾದದ್ದು ಬೇರೆ.

“ತಂದೆತಾಯಿಗಳು ದಿನಾ ಗಿರಣಿ ಹತ್ರ ಬಂದು ನಿಂತ್ಕೋತಾರೆ, ಮೇಷ್ಟ್ರೇ. ಮೊದಲಿನ ಥರ ಟೆಸ್ಟು ಮಾಡಿ, ಮೊದಲಿನ ಥರ ಸೊನ್ನೆ ಹಾಕಿ. ನಮ್ಮ ತಂಗಿ ಮಗನಿಗೂ ಹಾಕಿ ಬೇಕಾದ್ರೆ. ನಿಮಗೆ ಪ್ರಾಣವಾದ ಗಣಿತ ಬಿಟ್ಟು ಈ ಉಳಿ ಸುತ್ತಿಗೆ ಯಾಕೆ?”

“ನನಗೆ ಗಣಿತ ಇಷ್ಟವಿಲ್ಲ,” ಅಂದರು ಮೇಷ್ಟರು.

ಮಠದ ಸ್ವಾಮಿಗಳು ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದಿದ್ದರೂ ಕಮಿಟಿ ಅಷ್ಟು ಕಂಗಾಲಾಗುತ್ತಿರಲಿಲ್ಲ. ಶಾಮಣ್ಣನವರು ಚೇತರಿಸಿಕೊಂಡು, “ಇಷ್ಟ ಇಲ್ಲದಿದ್ರೆ ಇಲ್ಲ. ಸಂಬಳ ಅದಕ್ಕೇ ತಾನೇ ಕೊಡೋದು,” ಅಂದರು. ಶೆಡ್ಡಿಗೆ ಬೀಗ ಬಿತ್ತು.

ಮನೆಗೆ ಬಂದು ಮೇಷ್ಟರು ಕಮಿಟಿಯಲ್ಲಿ ತಾವು ಅಂದದ್ದನ್ನು ಹೆಂಡತಿಗೆ ಹೇಳಿದರು. ಸೊಪ್ಪು ಬಿಡಿಸುತ್ತಿದ್ದ ದಾಕ್ಷಾಯಣಮ್ಮ ತಲೆ ಎತ್ತಲಿಲ್ಲ.

“ನನಗೆ ಮದುವೆ ಆದ ವರ್ಷವೇ ಗೊತ್ತಿತ್ತು. ಇಷ್ಟ ಇದ್ದೋರು ಅದರ ಮೇಲೆ ಅಷ್ಟು ಸಿಟ್ಟು ಮಾಡ್ಕೋತಾರಾ?”

ಡೆನ್ಮಾರ್ಕಿನಲ್ಲಿ ಅಂಟಿಕೊಂಡ ಅಭ್ಯಾಸ, ಮೇಷ್ಟರು ಸುಮ್ಮನೆ ಕೇಳಿದರು: “ನಿನಗೆ ಯಾವ ವಿಷಯ ಇಷ್ಟ ಇತ್ತು?”

“ಲೆಕ್ಕ.”

ಮೇಷ್ಟರು ನಕ್ಕರು. ದಾಕ್ಷಾಯಣಮ್ಮ ನಗಲಿಲ್ಲ.

“ಮಿಡ್ಲ್ ಸ್ಕೂಲು ಮುಗಿಸೋ ಲೋಯರ್ ಸೆಕೆಂಡರಿ ಪರೀಕ್ಷೆಗೆ ಹದಿನೈದು ದಿನ ಇತ್ತು, ನಿಮ್ಮನೆಯಿಂದ ಹೆಣ್ಣು ಕೇಳ್ಕೊಂಡು ಬಂದ್ರು. ಗಂಡು ಲೆಕ್ಕದಲ್ಲಿ ಭಾರಿ ಬುದ್ಧಿವಂತ ಅಂದ್ರು. ನಾನೂ ಅದಕ್ಕೇ ಒಪ್ಪಿದ್ದು. ಮನೇಲಿ ಲೆಕ್ಕದ ಮಾತು ಇರ್ತದೆ ಅಂತ. ಬಂದು ನೋಡಿದ್ರೆ ನಿಮ್ಮ ಬಾಯಲ್ಲಿ ಲೆಕ್ಕ ಬಿಟ್ಟು ಬೈಗುಳವೆಲ್ಲ ಇತ್ತು.” ಸೊಪ್ಪಿನ ಕಡ್ಡಿಯನ್ನು ಮೊರಕ್ಕೆ ಹಾಕಿ ಮುಂದುವರಿಸಿದರು. “ಇನ್ನೊಂದು ಕೇಳಿ. ಟೆಸ್ಟಿನಲ್ಲಿ ಮೂವತ್ತಮೂರು, ಮೂವತ್ತನಾಲ್ಕು ಬಂದೋವಕ್ಕೆಲ್ಲ ನಾನೇ ಮೂವತ್ತೈದು ಮಾಡಿ ಬರೀತಿದ್ದೆ.”

“ಏನಂದೆ?”

“ಸುಮ್ನೆ ಅಲ್ಲ ಮತ್ತೆ. ದಾರಿ ಸರಿಯಾಗಿ ಹಿಡಿದು ಕೊನೇಲಿ ಕಳೆಯೋದು ತಪ್ಪಿದ್ರೂ ಸೊನ್ನೆ ಹಾಕ್ತಿದ್ರಿ. ಓದಿ ನೋಡಿ ಹಾಕ್ತಿದ್ದೆ. ದಡ್ಡರಿಗೆ ಹಾಕ್ತಿರ್ಲಿಲ್ಲ.”

ಮೇಷ್ಟರು ಒಂದು ವಾರ ಹೆಂಡತಿಯ ಜೊತೆ ಮಾತು ಬಿಟ್ಟರು. ಆ ವಾರವೆಲ್ಲ ಅವರು ಹಳೆಯ ಹುಡುಗರ ಮುಖಗಳನ್ನು ಒಂದೊಂದಾಗಿ ನೆನೆದು, ಇವನು ನಾನು ಪಾಸು ಮಾಡಿದವನೋ, ಇವಳು ಪಾಸು ಮಾಡಿದವನೋ ಎಂದು ಲೆಕ್ಕ ಹಾಕುತ್ತಿದ್ದರು. ಎಂಟನೇ ದಿನ ಮಾತಾಡಿದರು. “ಬೀಜಗಣಿತ ಬರುತ್ತೇನು ನಿನಗೆ?” ಎಂದರು. ಬರುವುದಿಲ್ಲ, ಹೇಳಿಕೊಡಿ, ಎಂದರು ದಾಕ್ಷಾಯಣಮ್ಮ.

ಮೇಷ್ಟರು ಶಾಲೆಯಲ್ಲಿ ಟೆಸ್ಟುಗಳನ್ನು ಮತ್ತೆ ಶುರು ಮಾಡಿದರು, ಆದರೆ ಸಿಟ್ಟು ವಾಪಸು ಬರಲಿಲ್ಲ. ಇಷ್ಟವಿಲ್ಲವೆಂದು ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದು? ಸೊನ್ನೆಗಳು ಸೊಟ್ಟಗಾದವು, ಆಮೇಲೆ ನಿಂತೇಹೋದವು. ಹುಡುಗರು ಅವರ ಎದುರಿಗೇ ಆಕಳಿಸತೊಡಗಿದರು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯ ಫಲಿತಾಂಶ ಇಳಿಯಿತು. ಶಿವಮಲ್ಲಪ್ಪನವರು, ಕಳಿಸಿದ್ದು ಒಬ್ಬರನ್ನ, ವಾಪಸು ಬಂದದ್ದು ಇನ್ನೊಬ್ಬರು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡರು. ಮೇಷ್ಟರು ಸಂಜೆ ಮನೆಗೆ ಬಂದು ಹಿತ್ತಲಲ್ಲಿ ಸ್ಟೂಲು ಮಾಡುತ್ತಿದ್ದರು. ಎಷ್ಟು ಮಾಡಿದರೂ ಕೈ ಪಳಗಲಿಲ್ಲ. ಲೆಕ್ಕ ಚೆನ್ನಾಗಿ ಬರುತ್ತಿತ್ತು, ಇಷ್ಟವಿರಲಿಲ್ಲ. ಮರಗೆಲಸ ಬಹಳ ಇಷ್ಟ, ಬರುತ್ತಿರಲಿಲ್ಲ. ಪಕ್ಕದ ಮನೆಯ ವಸಂತಮ್ಮನಿಗೆ ಒಂದು ಕೊಟ್ಟರು. ಆಕೆ ಮರ್ಯಾದೆಗೆ ಇಟ್ಟುಕೊಂಡು ಅದರ ಮೇಲೆ ತುಳಸಿ ಕುಂಡ ಕೂರಿಸಿದರು.

ಅತ್ತ ನಡುಮನೆಯಲ್ಲಿ ಬೇರೆಯೇ ಒಂದು ಶಾಲೆ ಹುಟ್ಟಿಕೊಂಡಿತು. ವಸಂತಮ್ಮನ ಮಕ್ಕಳು ಮೇಷ್ಟರ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬಂದವರು, ಮೇಷ್ಟರು ಹಿತ್ತಲಲ್ಲಿ ಇದ್ದುದರಿಂದ, ದಾಕ್ಷಾಯಣಮ್ಮನ ಹತ್ತಿರ ಹೇಳಿಸಿಕೊಂಡು ಹೋದರು. ಮರುದಿನ ಇನ್ನಿಬ್ಬರು ಬಂದರು. ವರ್ಷ ತುಂಬುವುದರೊಳಗೆ ಊರಿನ ಇನ್ನೊಂದು ತುದಿಯ ಒಂಟಿಕೊಪ್ಪಲಿನಿಂದ ಸೈಕಲ್ ತುಳಿದುಕೊಂಡು ಬರುವವರಾದರು. ಮೇಷ್ಟರ ಮನೆಯ ಟ್ಯೂಷನ್ ಎಂದು ಮಕ್ಕಳನ್ನು ಕಳಿಸಿದ ತಂದೆಗಳು, ಹೇಳಿಕೊಡುವುದು ಮೇಷ್ಟರ ಹೆಂಡತಿ ಎಂದು ತಿಳಿದು ಮೊದಲು ಬೇಜಾರು ಮಾಡಿಕೊಂಡರು, ಮಾರ್ಕು ಬಂದ ಮೇಲೆ ಸುಮ್ಮನಾದರು. ಮೇಷ್ಟರಿಂದ ತಾವು ಮುಂಜಾನೆ ಕಲಿತ ಬೀಜಗಣಿತವನ್ನು ಸಂಜೆ ಮಕ್ಕಳಿಗೆ ದಾಟಿಸುತ್ತಿದ್ದರು ದಾಕ್ಷಾಯಣಮ್ಮ. ಬೈಯುತ್ತಿರಲಿಲ್ಲ. ಆದರೆ ಶನಿವಾರ ಶನಿವಾರ ಪರೀಕ್ಷೆ ಮಾಡುತ್ತಿದ್ದರು, ಮೇಷ್ಟರ ಹಳೆಯ ಟೆಸ್ಟುಗಳಿಗಿಂತ ಕಠಿಣವಾದದ್ದು.

ಮೇಷ್ಟರದು ಇದಕ್ಕೆ ಬಹಳ ವಿರೋಧ. “ಡೆನ್ಮಾರ್ಕಿನಲ್ಲಿ ಪರೀಕ್ಷೆ ಇಲ್ಲದೇನೇ ಮಕ್ಕಳು ಲೆಕ್ಕ ಕಲೀತಾವೆ ಕಣೇ.”

“ಕಲೀಲಿ. ಅವರಿಗೆ ಬೇಡ ಅನ್ನಿಸ್ತು, ಬಿಟ್ರು. ನನಗೆ ಬೇಕು ಅಂದಾಗ ನೀವೆಲ್ಲ ಸೇರಿ ಧಾರೆ ಎರೆಸಿಕೊಂಡು ಕರಕೊಂಡು ಬಂದ್ರಿ.”

ಮಾತಿಗೆ ಆಡಿದ್ದು ಎಂದುಕೊಂಡಿದ್ದರು ಮೇಷ್ಟರು. ಅರವತ್ತೈದನೇ ಇಸವಿಯಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ, ದಾಕ್ಷಾಯಣಮ್ಮ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದರು. ಬೀದಿಯವರು ನಕ್ಕರು, ತುಮಕೂರಿನ ಮಗಳು ಅತ್ತೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಬರೆದಳು. ಆಕೆ ಇಳಕಲ್ ಸೀರೆ ಉಟ್ಟು, ಮಗಳಿಗಿಂತ ಚಿಕ್ಕ ಹುಡುಗಿಯರ ಸಾಲಿನಲ್ಲಿ ಹೋಗಿ ಕೂತರು. ಮೇಷ್ಟರು ಗೇಟಿನ ಹೊರಗೆ ಮಳೆಮರದ ಕೆಳಗೆ ಎಳನೀರು ಹಿಡಿದುಕೊಂಡು ನಿಂತರು. ಜೀವಮಾನವೆಲ್ಲ ಪರೀಕ್ಷಾ ಕೊಠಡಿಯ ಒಳಗೆ ತಿರುಗಾಡಿದವರಿಗೆ ಗೇಟಿನ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅಂದು ಗೊತ್ತಾಯಿತು. ಹೆಂಡತಿಗೆಂದು ತಂದ ಎಳನೀರನ್ನು ಅವರೇ ಕುಡಿದುಬಿಟ್ಟರು. ಲೆಕ್ಕದ ಪತ್ರಿಕೆ ಮುಗಿಸಿ ದಾಕ್ಷಾಯಣಮ್ಮ ಹೊರಗೆ ಬಂದರು.

“ಹೇಗಿತ್ತು?”

“ಇನ್ನೂ ಒಂದು ಗಂಟೆ ಕೊಟ್ಟಿದ್ರೆ ಚೆನ್ನಾಗಿತ್ತು.”

“ಕಷ್ಟ ಇತ್ತಾ?”

“ಇಲ್ಲ. ಬೇಗ ಮುಗಿದುಹೋಯ್ತು.”

ಫಲಿತಾಂಶದ ದಿನ ಪತ್ರಿಕೆಯಲ್ಲಿ ಅವರ ನಂಬರು ಇರಲಿಲ್ಲ. ಅಂಕಪಟ್ಟಿ ಬಂದ ಮಧ್ಯಾಹ್ನ ವಸಂತಮ್ಮ ಸಮಾಧಾನ ಹೇಳಲೆಂದು ಬಂದಾಗ ದಾಕ್ಷಾಯಣಮ್ಮ ಕೋಡುಬಳೆ ಕರಿಯುತ್ತಿದ್ದರು. “ಇಂಗ್ಲಿಷು ಹೋಯ್ತು ಕಣಮ್ಮ. ಲೆಕ್ಕದಲ್ಲಿ ತೊಂಬತ್ತೊಂದು,” ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಸಂಕಟಪಟ್ಟವರು ಮೇಷ್ಟರು. ಒಂದು ಇಂಗ್ಲಿಷಿಗಾಗಿ ಇಡೀ ಮನುಷ್ಯರನ್ನೇ ಫೇಲು ಅನ್ನುವುದು ಎಲ್ಲಿಯ ನ್ಯಾಯ, ಇದೇ ಡೆನ್ಮಾರ್ಕಿನಲ್ಲಾಗಿದ್ದರೆ, ಎಂದು ಶುರು ಮಾಡಿದರು.

“ಡೆನ್ಮಾರ್ಕಿನಲ್ಲಾಗಿದ್ರೆ ನನಗೆ ತೊಂಬತ್ತೊಂದು ಯಾರು ಕೊಡ್ತಿದ್ರು?” ಅಂದರು ದಾಕ್ಷಾಯಣಮ್ಮ. “ಸೆಪ್ಟೆಂಬರಿಗೆ ಮತ್ತೆ ಕಟ್ತೀನಿ. ಶಾಮಣ್ಣನೋರು ರಿಟೈರಾಗಿ ಮನೇಲೇ ಇದಾರಂತಲ್ಲ, ನಾಳೆಯಿಂದ ಬೆಳಿಗ್ಗೆ ಬಂದು ಇಂಗ್ಲಿಷ್ ಹೇಳ್ಕೊಡಕ್ಕೆ ಆಗ್ತದಾ ಕೇಳ್ಕೊಂಡು ಬನ್ನಿ. ಹೋಗ್ತಾ ಒಂದು ಪೊಟ್ಣ ಕೋಡುಬಳೆ ತಗೊಂಡೋಗಿ.”

ಮೇಷ್ಟರು ಕೋಟು ಹಾಕಿಕೊಂಡು ಹೊರಟರು.